ಮೈದುನನಿಗೆ ಒಂದು ಲೋಟ ಹಾಲು

ಅತ್ತಿಗೆ ಬಿದ್ದದ್ದು ಅಡುಗೆಮನೆಯಲ್ಲಲ್ಲ. ನೋಡಲು ಬಂದವರೆಲ್ಲ ಮಾತ್ರ ಹಾಗೆಂದೇ ತಿಳಿದುಕೊಂಡು ಬಂದರು. ನೆಲದಲ್ಲಿ ಎಣ್ಣೆ ಚೆಲ್ಲಿತ್ತಾ ಎಂದು ಒಬ್ಬರು, ಮೇಲಿನ ಡಬ್ಬಕ್ಕೆ ಸ್ಟೂಲು ಹತ್ತಿದ್ದಿರಾ ಎಂದು ಇನ್ನೊಬ್ಬರು. ಹೆಂಗಸು ಬೀಳುವುದಿದ್ದರೂ ಒಲೆಯ ಅಕ್ಕಪಕ್ಕದಲ್ಲೇ ಬೀಳಬೇಕು ಎಂದು ಯಾರೋ ಗೆರೆ ಎಳೆದಿಟ್ಟ ಹಾಗೆ. ಅತ್ತಿಗೆ ಬಿದ್ದದ್ದು ಪ್ರೆಸ್ಸಿನ ಮೆಟ್ಟಿಲ ಮೇಲೆ, ಕೆಲಸ ಮುಗಿಸಿ ಮನೆಗೆ ಹೊರಟಾಗ. ಮದುವೆಗೆ ಮುಂಚಿನಿಂದಲೂ ಅವಳಿಗೆ ಅಲ್ಲಿ ಅಚ್ಚಾದ ಹಾಳೆಗಳನ್ನು ಮಡಚಿ, ಜೋಡಿಸಿ, ಪುಸ್ತಕ ಹೊಲಿಯುವ ಕೆಲಸ. ಕೈತುಂಬ ಹಾಳೆ ಹೊತ್ತು ಎಷ್ಟೋ ವರ್ಷ ಹತ್ತಿಳಿದ ಮೆಟ್ಟಿಲು, ಬರಿಗೈಯಲ್ಲಿ ಇಳಿಯುವಾಗ ಕಾಲು ಜಾರಿಸಿತು. ಬಲಗೈ ಮಣಿಕಟ್ಟು ಮುರಿದು, ಮೊಣಕೈವರೆಗೆ ಪ್ಲಾಸ್ಟರ್ ಬಿತ್ತು.

ಪ್ಲಾಸ್ಟರ್ ಒಣಗುವ ಮುಂಚೆಯೇ ನಾದಿನಿ ಬಟ್ಟೆಯ ಚೀಲ ಹಿಡಿದುಕೊಂಡು ಬಂದಿಳಿದಳು. ಮೂವರು ಅಣ್ಣಂದಿರ ಹಿಂದೆ ಹುಟ್ಟಿದ ಒಬ್ಬಳೇ ತಂಗಿ. ಮನೆಯ ಸುದ್ದಿ ಬೀದಿಗೆ, ಬೀದಿಯ ಸುದ್ದಿ ಮನೆಗೆ ಬಿತ್ತರಿಸುತ್ತಿದ್ದುದರಿಂದ ಅಣ್ಣಂದಿರು ಅವಳಿಗೆ ಚಿಕ್ಕಂದಿನಲ್ಲೇ ರೇಡಿಯೋ ಎಂದು ಹೆಸರಿಟ್ಟಿದ್ದರು. ಈಗ ಅವಳ ಮಗಳೇ ಕಾಲೇಜು ಮುಗಿಸಿದ್ದಾಳೆ. ಹೆಸರು ಮಾತ್ರ ಬಿಟ್ಟು ಹೋಗಿಲ್ಲ. ಊರಿನ ಆಚೆ ತುದಿಯಲ್ಲಿ ಅವಳ ಮನೆ. ಹೊರಡುವಾಗ ಗಂಡನಿಗೆ ಉಪ್ಪು ಎಲ್ಲಿದೆ, ಸಕ್ಕರೆ ಎಲ್ಲಿದೆ ಎಂದು ತೋರಿಸಿ ಬಂದಿದ್ದಳು. ಬಸ್ಸು ಇಳಿಯುವ ಹೊತ್ತಿಗೆ, ಎರಡರಲ್ಲಿ ಯಾವುದು ಯಾವುದು ಎಂದು ಕೇಳಿ ಅವನ ಫೋನು ಬಂತು. ನೆಕ್ಕಿ ನೋಡಿ ಎಂದು ಹೇಳಿ ಇಟ್ಟಳು.

ಅತ್ತಿಗೆಯ ಗಂಡ ಅವಳ ನಡುವಣ್ಣ. ಅಂಚೆ ಕಚೇರಿಯಿಂದ ಈಚೆಗಷ್ಟೇ ನಿವೃತ್ತನಾದವನು. ಊರಿನ ಯಾವ ಓಣಿಯಲ್ಲಿ ಯಾರಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ ಅವನಿಗೆ ತನ್ನ ಮನೆಯ ಚಮಚಗಳ ವಿಳಾಸ ಗೊತ್ತಿರಲಿಲ್ಲ. ಅತ್ತಿಗೆಯನ್ನು ಮಂಚದ ಮೇಲೆ ಒರಗಿಸಿ, ದಿಂಬು ಸರಿಮಾಡಿ, ಇನ್ನೇನು ಮಾಡಲಿ ಎಂದು ಬಾಗಿಲಲ್ಲಿ ಕೈ ಹೊಸೆಯುತ್ತ ನಿಂತಿದ್ದ. ನೀನು ದಾರಿ ಬಿಟ್ಟರೆ ಸಾಕು ಎಂದು ನಾದಿನಿ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಅದು ಅವಳು ಹುಟ್ಟಿ ಬೆಳೆದ ಮನೆಯದೇ ಅಡುಗೆಮನೆ. ಆದರೆ ಅಲ್ಲಿ ಅವಳು ತಿಂದದ್ದು ಹೆಚ್ಚು, ಬೇಯಿಸಿದ್ದು ಕಡಿಮೆ. ರೈಲಿನ ಬೋಗಿಯಂತೆ ಉದ್ದಕ್ಕೆ, ಇಕ್ಕಟ್ಟಾಗಿದ್ದ ಕೋಣೆ. ಒಲೆಯ ಕಟ್ಟೆ ಅವಳ ಎದೆಮಟ್ಟಕ್ಕಿತ್ತು. ಕಟ್ಟೆ ಕಟ್ಟಿಸಿದ್ದು ದೊಡ್ಡಣ್ಣ. ಎತ್ತರ ಎಷ್ಟಿರಬೇಕು ಎಂದು ಗಾರೆ ಕೆಲಸದವನು ಕೇಳಿದಾಗ ತನ್ನ ಸೊಂಟ ತೋರಿಸಿದ್ದನಂತೆ. ಆರಡಿ ಆಳು, ಆ ಕಟ್ಟೆಯ ಮುಂದೆ ಒಂದು ದಿನವೂ ನಿಂತವನಲ್ಲ. ಕೆಳಗೆ ಒಂದು ಮರದ ಹಲಗೆ ಬಿದ್ದಿತ್ತು. ಹತ್ತಿ ನಿಂತಾಗ ಪಾದಗಳು ತಾವಾಗಿ ಎರಡು ತಗ್ಗುಗಳಲ್ಲಿ ಕೂತವು. ಅತ್ತಿಗೆ ನಿಂತು ನಿಂತು ಸವೆಸಿದ ತಗ್ಗು.

ಆ ಹಲಗೆಯ ಮೇಲಿಂದ ನೋಡಿದಾಗಲೇ ನಾದಿನಿಗೆ ಅಡುಗೆಮನೆ ಅರ್ಥವಾಗತೊಡಗಿತು. ಕೆಳಗೆ ನಿಂತವರ ಕಣ್ಣಿಗೆ ಅಲ್ಲಲ್ಲಿ ಮೊಳೆ ಹೊಡೆದು ಹಾಕಿದ ಹರಕುಮುರುಕು ಸಾಮಾನು. ಹಲಗೆ ಹತ್ತಿದವರಿಗೆ ಕೈ ಚಾಚಿದಲ್ಲೇ ಬೇಕಾದದ್ದು. ಸೌಟು ಎಡಕ್ಕೆ, ಜರಡಿ ತಲೆಯ ಮೇಲೆ, ಲಟ್ಟಣಿಗೆ ಕಿಟಕಿಯ ಸರಳಿನ ಸಂದಿನಲ್ಲಿ. ಚಾಕುವಿನ ಹಿಡಿ ಹೋದಲ್ಲಿ ಪುಸ್ತಕಕ್ಕೆ ಹಾಕುವ ಕ್ಯಾಲಿಕೋ ಬಟ್ಟೆ ಅಂಟಿಸಿತ್ತು. ಬಿಸಿ ಪಾತ್ರೆ ಇಳಿಸುವ ಇಕ್ಕಳದ ಎರಡೂ ಕಾಲುಗಳಿಗೆ ಪುಸ್ತಕ ಹೊಲಿಯುವ ಮೇಣದ ದಾರ ಒತ್ತೊತ್ತಾಗಿ ಸುತ್ತಿತ್ತು, ಒಂದು ಸುತ್ತು ಇನ್ನೊಂದರ ಮೇಲೆ ಹತ್ತದ ಹಾಗೆ. ಅದರ ಬಾಯಿ ಮಾತ್ರ ತೆರೆದಾಗಲೆಲ್ಲ ಕೀಚೆನ್ನುತ್ತಿತ್ತು. ಎಲ್ಲಾ ಇದೆ, ಒಂದು ತೊಟ್ಟು ಎಣ್ಣೆ ಇಲ್ಲವಲ್ಲ ಎಂದು ನಾದಿನಿ ಅದಕ್ಕೆ ಬೈದುಕೊಂಡಳು.

ನೋವಿನ ಮಾತ್ರೆಯ ಮಂಪರಿನಲ್ಲಿದ್ದ ಅತ್ತಿಗೆ ಸಂಜೆಯ ಹೊತ್ತಿಗೆ ಒಮ್ಮೆ ಕಣ್ಣು ಬಿಟ್ಟಳು.

"ಮೈದುನನಿಗೆ ಒಂದು ಲೋಟ ಹಾಲು ಹಾಕಿಡು" ಎಂದಳು. "ಜಾಸ್ತಿ ಬೇಡ. ಉಕ್ಕಿಬಿಡ್ತಾನೆ."

ಮತ್ತೆ ನಿದ್ದೆ. ಕೊನೆಯ ಮಾತನ್ನು ನಾದಿನಿ ಮಾತ್ರೆಯ ಲೆಕ್ಕಕ್ಕೆ ಹಾಕಿದಳು. ಮೊದಲಿನದು ಅವಳ ಮನಸ್ಸಿಗೆ ನಾಟಿತು. ಅತ್ತಿಗೆಗೆ ಮೈದುನ ಎಂದರೆ ತನ್ನ ಸಣ್ಣಣ್ಣ. ಇಂಥ ನೋವಿನಲ್ಲೂ ಅವನ ಹೊಟ್ಟೆಯ ಚಿಂತೆ! ಅವಳು ನಡುವಣ್ಣನಿಗೆ ಹೇಳಿದಳು, ನಡುವಣ್ಣ ಫೋನು ಹಚ್ಚಿ ತಮ್ಮನಿಗೆ ಹೇಳಿದ. ಇಬ್ಬರ ಬಾಯಿ ದಾಟುವಷ್ಟರಲ್ಲಿ ಸುದ್ದಿ ಬೆಳೆದು, ಅತ್ತಿಗೆ ನಿನ್ನನ್ನೇ ಕನವರಿಸುತ್ತಿದ್ದಾಳೆ, ಹಾಲು ಕೂಡ ಕಾಯಿಸಿ ಇಡಿಸಿದ್ದಾಳೆ ಎಂದಾಯಿತು. ಸಣ್ಣಣ್ಣ ಅಂಗಡಿ ಮುಚ್ಚಿ, ಆಟೋ ಹತ್ತಿ, ಒಂದು ಚೀಲ ಕಿತ್ತಳೆ ಹಣ್ಣು ಹಿಡಿದು ಓಡಿ ಬಂದ. ಮಂಚದ ಪಕ್ಕ ಕೂತು, ಒದ್ದೆಗಣ್ಣು ಮಾಡಿಕೊಂಡು, "ಕರೆಸಿದ್ರಂತೆ ಅತ್ತಿಗೆ. ನನಗೆ ಅಂತ ಹಾಲು ಬೇರೆ ಇಡ್ಸಿದೀರಂತೆ" ಎಂದ.

ಅತ್ತಿಗೆಯ ಮಂಪರು ಅಲ್ಲೇ ಇಳಿಯಿತು. ಅವಳ ಕಣ್ಣು ಮೈದುನನ ಮುಖದಿಂದ ಅಡುಗೆಮನೆಯ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಮೈದುನನಿಗೆ ಓಡಾಡಿತು. ತುಟಿ ಕಚ್ಚಿಕೊಂಡಳು. ಆಗಲಿಲ್ಲ. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು, ಅಯ್ಯೋ ನೋವು ಎನ್ನುತ್ತಲೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಾಪ, ನೋವಿಗೆ ಹೀಗಾಗುತ್ತಿದೆ ಎಂದು ಸಣ್ಣಣ್ಣ ಹಾಲು ಕುಡಿದು, ಸಮಾಧಾನ ಹೇಳಿ, ಹಣ್ಣು ಇಟ್ಟು ಹೋದ.

ರೇಡಿಯೋ ಏನು ದಡ್ಡಿಯಲ್ಲ. ಮಾರನೆಯ ಬೆಳಿಗ್ಗೆ ಕಟ್ಟೆಯ ಕೆಳಗಿನಿಂದ ಕಬ್ಬಿಣದ ದೊಡ್ಡ ಬಾಣಲೆ ಎಳೆಯುವ ಸದ್ದಿಗೆ ಕೋಣೆಯಿಂದ ಅತ್ತಿಗೆಯ ದನಿ ಬಂತು. "ಭಾವನವರನ್ನ ಒಬ್ಬಳೇ ಎತ್ತಬೇಡ ಕಣೆ, ಸೊಂಟ ಹಿಡ್ಕೊಳ್ಳುತ್ತೆ." ನಾದಿನಿ ಬಾಣಲೆಯನ್ನು ಅಲ್ಲೇ ಬಿಟ್ಟು, ಬಾಗಿಲಿಗೆ ಬಂದು, ಸೊಂಟದ ಮೇಲೆ ಕೈ ಇಟ್ಟು ನಿಂತಳು. ಅತ್ತಿಗೆ ಗೋಡೆ ನೋಡಿದಳು. ಕಿಟಕಿ ನೋಡಿದಳು. ಕೊನೆಗೆ ಬೇರೆ ದಾರಿ ಕಾಣದೆ ಬಾಯಿ ಬಿಟ್ಟಳು.

ಅದು ಪ್ರೆಸ್ಸಿನಲ್ಲಿ ಹತ್ತಿದ ಚಟ. ಅಲ್ಲಿ ಹಾಳೆ ಕತ್ತರಿಸುವ ಯಂತ್ರಕ್ಕೆ ಹೆಂಗಸರು ಮೇಸ್ತ್ರಿಯ ಹೆಸರಿಟ್ಟಿದ್ದರು. ಮೇಸ್ತ್ರಿಗೆ ಬೈದರೆ ಕೆಲಸ ಹೋಗುತ್ತದೆ, ಯಂತ್ರಕ್ಕೆ ಬೈದರೆ ಯಾರು ಕೇಳುತ್ತಾರೆ? ಮದುವೆಯಾಗಿ ಬಂದ ಮೇಲೆ ಮನೆಯಲ್ಲೂ ಅದೇ ಮಾಡಿದಳು. ಮನೆತುಂಬ ಜನ. ಮುಂಜಾನೆ ಎದ್ದು ಎಲ್ಲರಿಗೂ ಬೇಯಿಸಿಟ್ಟು, ಬಸ್ಸು ಹಿಡಿದು, ಸಂಜೆ ಬಂದು ಮತ್ತೆ ಬೇಯಿಸಬೇಕು. ಅಷ್ಟರ ನಡುವೆ ಯಾರಿಗೂ ಎದುರಾಡುವಂತಿಲ್ಲ. ಆದರೆ ಬಾಣಲೆಗೆ ಎದುರಾಡಬಹುದು. ಕೂತ ಜಾಗದಿಂದ ಅಲ್ಲಾಡದ ಬಾಣಲೆ ಭಾವನವರಾಯಿತು. ತಳ ಗಟ್ಟಿಯಿಲ್ಲದೆ ಒಲೆಯ ಮೇಲೆ ತಿರುಗುವ, ಒಂದು ಕ್ಷಣ ಬೆನ್ನು ತಿರುಗಿಸಿದರೆ ಉಕ್ಕಿ ಹರಿಯುವ ಹಾಲಿನ ಪಾತ್ರೆ ಮೈದುನನಾಯಿತು. ಸಣ್ಣಣ್ಣ ಬಿಟ್ಟ ಕೆಲಸಗಳನ್ನು, ಹಿಡಿದ ಹೊಸ ಹೊಸ ಯೋಜನೆಗಳನ್ನು ನೆನೆದು ನಾದಿನಿಗೆ ನಗು ತಡೆಯಲಾಗಲಿಲ್ಲ. ಬಾಣಲೆಗೂ ಬಹುವಚನ ಯಾಕೆ ಎಂದು ಕೇಳಿದಳು. ಹಿರಿಯರಲ್ಲವಾ ಎಂದಳು ಅತ್ತಿಗೆ.

"ನಮ್ಮಮ್ಮ?" ನಾದಿನಿ ಕೇಳಿದಳು. ಅಮ್ಮ ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಕುಕ್ಕರ್ ಎಂದಳು ಅತ್ತಿಗೆ. ಕೂಗುವಷ್ಟು ಕೂಗಲಿ ಎಂದು ಬಿಡಬೇಕು. ತಣ್ಣಗಾದ ಮೇಲೆ ಮುಚ್ಚಳ ತಾನಾಗಿ ಬಿಡುತ್ತದೆ. ಆತುರಪಟ್ಟು ತೆಗೆಯಲು ಹೋದರೆ ಮುಖಕ್ಕೇ ಬರುತ್ತದೆ. "ಆದರೆ ಒಂದು ಮಾತು ಹೇಳ್ತೀನಿ. ಅತ್ತೆ ಇಲ್ಲದಿದ್ರೆ ನನಗೆ ಒಂದು ದಿನವೂ ಎಂಟು ಗಂಟೆ ಬಸ್ಸು ಸಿಕ್ತಿರಲಿಲ್ಲ. ಇಬ್ಬರು ಅತ್ತೇರನ್ನೂ ಸೇರಿಸಿ ಹೇಳ್ತಿರೋದು." ಹೊಸ ಕುಕ್ಕರ್ ಕೊಳ್ಳೋಣ ಎಂದು ಪರವೂರಲ್ಲಿ ಕೆಲಸಕ್ಕಿರುವ ಮಗ ಎಷ್ಟು ಹೇಳಿದರೂ ವಾಷರ್ ಬದಲಾಯಿಸಿ, ಹಿಡಿ ಬಿಗಿಸಿ, ಅದನ್ನೇ ಇಟ್ಟುಕೊಂಡಿದ್ದಳು. ನಾದಿನಿಗೆ ಇನ್ನೊಂದು ನೆನಪಾಯಿತು. ಸೊಸೆ ಒಲೆಯ ಮುಂದೆ ನಿಂತು ಪಿಟಿಪಿಟಿ ಎನ್ನುವುದನ್ನು ಕೇಳಿ ಅಮ್ಮ ನೆರೆಯವರ ಹತ್ತಿರ ಹೆಮ್ಮೆಪಟ್ಟಿದ್ದಳು: ನಮ್ಮ ಹುಡುಗಿಗೆ ಎಂಥಾ ಭಕ್ತಿ, ಪಾತ್ರೆ ಉಜ್ಜುವಾಗಲೂ ದೇವರ ಧ್ಯಾನ. ಉಜ್ಜುತ್ತಿದ್ದುದು ಯಾರನ್ನು ಎಂದು ಈಗ ತಿಳಿಯಿತು.

ನಕ್ಕು ನಕ್ಕು ಸುಸ್ತಾದ ಮೇಲೆ ನಾದಿನಿಗೆ ಹೊಳೆಯಬೇಕಾದದ್ದು ಹೊಳೆಯಿತು.

"ನಾನು?"

"ನೀನೇ ಹುಡುಕ್ಕೋ" ಎಂದಳು ಅತ್ತಿಗೆ. "ಕೈಗೆ ಸಿಗ್ತೀಯ."

ಎಷ್ಟು ಗೋಗರೆದರೂ ಬಾಯಿ ಬಿಡಲಿಲ್ಲ.

ಅಂದಿನಿಂದ ನಾದಿನಿಗೆ ಅಡುಗೆಯೇ ಒಂದು ವಿಚಾರಣೆಯಾಯಿತು. ತಾನು ಬಂದದ್ದು ಸಹಾಯಕ್ಕೆ. ಬರುವಾಗ ಬಸ್ಸಿನಲ್ಲಿ, ಅತ್ತಿಗೆಗೆ ನನಗಿಂತ ಹತ್ತಿರದವರು ಯಾರಿದ್ದಾರೆ ಎಂದು ಸ್ವಲ್ಪ ಬೀಗಿಕೊಂಡೇ ಬಂದಿದ್ದಳು. ಈಗ ಯಾವ ಸಾಮಾನು ಮುಟ್ಟಿದರೂ ಅದು ತನ್ನನ್ನು ನೋಡಿ ಮುಸಿಮುಸಿ ನಗುವ ಹಾಗೆ. ಮೊದಲ ಅನುಮಾನ ಚಾಕುವಿನ ಮೇಲೆ. ನಾಲಿಗೆ ಹರಿತ ಎಂದು ಅವಳನ್ನು ಅಂದವರು ಒಬ್ಬಿಬ್ಬರಲ್ಲ. ಇವಳು ನಾದಿನಿಯಾ ಎಂದು ಚಾಕು ಎತ್ತಿ ತೋರಿಸಿದಳು. ಅದು ನಮ್ಮ ಪ್ರೆಸ್ಸಿನ ಕ್ಯಾಷಿಯರಮ್ಮ, ಸಂಬಳಾನ ಅಂಚಿಗೆ ಸರಿಯಾಗಿ ಕತ್ತರಿಸ್ತಾಳೆ ಎಂದಳು ಅತ್ತಿಗೆ. ಬೆರಳ ಗೆಣ್ಣು ತರಚುವ ತುರಿಮಣೆ? ಅದು ಪಕ್ಕದ ಮನೆಯಾಕೆ. ಲಟ್ಟಣಿಗೆ? ಅದಕ್ಕೆ ಹೆಸರಿಲ್ಲ, ಎಲ್ಲರ ಮೇಲೂ ಒಂದೇ ಸಮನೆ ಉರುಳುತ್ತೆ, ಬೈಯೋಕೆ ಏನೂ ಸಿಕ್ಕಿಲ್ಲ.

ಈ ಪ್ರಶ್ನೋತ್ತರ ನಡುವಣ್ಣನ ಕಿವಿಗೂ ಬಿತ್ತು. ಪೇಪರು ಮಡಚಿ ಬಂದು ಬಾಗಿಲಲ್ಲಿ ನಿಂತ. ಗಂಟಲು ಸರಿಮಾಡಿಕೊಂಡು, ನಾನು ಯಾವುದು ಎಂದು ಕೇಳಿದ. ಎಲ್ಲಕ್ಕಿಂತ ಒಳ್ಳೆಯ ಸಾಮಾನು ತನಗಿರುತ್ತದೆ ಎಂಬ ಭರವಸೆ ಅವನ ಮುಖದಲ್ಲಿತ್ತು.

"ನೀವು ಇಲ್ಲ" ಎಂದಳು ಅತ್ತಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಡಿಯಲ್ಲಿ ಸಕ್ಕರೆ ಇಲ್ಲ ಎನ್ನುವ ಹಾಗೆ ಹೇಳಿದಳು. "ರೀ, ನಾನು ಕೆಲಸಕ್ಕೆ ಬರೋದಕ್ಕೆ ಹೆಸರಿಟ್ಟಿದ್ದು. ನೀವು ಅಡುಗೆಮನೆ ಬಾಗಿಲು ದಾಟಿದ್ರೆ ತಾನೆ?"

ನಡುವಣ್ಣ ಪೇಪರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದ. ಮಧ್ಯಾಹ್ನ ಊಟವಾದ ಮೇಲೆ ನೋಡಿದರೆ ಬಚ್ಚಲಲ್ಲಿ ಪಂಚೆ ಎತ್ತಿ ಕಟ್ಟಿ ಪಾತ್ರೆ ತೊಳೆಯುತ್ತಿದ್ದಾನೆ. ತೊಳೆಯುವುದು ಪಾತ್ರೆಯೋ ತನ್ನ ಅಂಗಿಯೋ ತಿಳಿಯದಂತೆ ನೆನೆದಿದ್ದ. ಮರುದಿನವೂ ತೊಳೆದ. ಅದರ ಮರುದಿನ ಯಾರೂ ಹೇಳದೆ ಈರುಳ್ಳಿ ಹೆಚ್ಚಲು ಕೂತು, ಒಂದೊಂದು ಹೋಳಿಗೂ ಒಂದೊಂದು ಆಕಾರ ಕೊಟ್ಟ. ವಾರ ಕಳೆದ ಮೇಲೆ, ಈಗಲಾದರೂ ಏನಾದರೂ ಖಾಲಿ ಇದೆಯಾ ಎಂದು ಅರ್ಜಿ ಹಾಕಿಕೊಂಡ. ಮಸಿಬಟ್ಟೆ ಇದೆ ಎಂದಳು ಅತ್ತಿಗೆ. ನೀರಿಗೆ ಹಾಕಿ ಹಿಂಡಿದರೆ ಕೆಲಸಕ್ಕೆ ಬರುತ್ತದೆ, ಖಾಯಂ ಮಾಡುವುದು ನಡತೆ ನೋಡಿ. ಅವನಿಗೆ ಅಷ್ಟಾದರೂ ಸಿಕ್ಕಿತಲ್ಲ ಎಂದು ನಾದಿನಿಗೆ ಒಳಗೊಳಗೇ ಹೊಟ್ಟೆಕಿಚ್ಚು.

ಏಕೆಂದರೆ ಅಷ್ಟರಲ್ಲಿ ಅವಳು ಜರಡಿಯನ್ನು ಕಂಡುಹಿಡಿದಿದ್ದಳು.

ಹಿಟ್ಟು ಜರಡಿ ಹಿಡಿಯುವಾಗ ತಲೆಗೆ ಹೊಳೆದದ್ದು ಅದು. ಮೇಲಿಂದ ಹಾಕಿದ್ದೆಲ್ಲ ಕೆಳಗೆ. ಏನೂ ಒಳಗೆ ನಿಲ್ಲುವುದಿಲ್ಲ. ಕೈ ಅಲ್ಲೇ ನಿಂತಿತು. ಅತ್ತಿಗೆ ಈ ಮನೆಗೆ ಬಂದ ಹೊಸತರಲ್ಲಿ ನಾದಿನಿ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಂಡದ್ದನ್ನೆಲ್ಲ ಅಮ್ಮನಿಗೆ ಮುಟ್ಟಿಸುವುದು ಅವಳ ದಿನಚರಿ. ಅತ್ತಿಗೆ ಪ್ರೆಸ್ಸಿನಿಂದ ಹಾಳಾದ ಹಾಳೆಗಳನ್ನು ತಂದು, ಒಂದು ಕೈಯಲ್ಲಿ ಸೌಟು ಆಡಿಸುತ್ತ ಇನ್ನೊಂದು ಕೈಯಲ್ಲಿ ಹಿಡಿದು ಓದುತ್ತಿದ್ದಳು. ಮೊದಲಿಲ್ಲದ, ಕೊನೆಯಿಲ್ಲದ ಕಥೆಗಳು. ಅದನ್ನೂ ಹುಡುಗಿ ಬಿತ್ತರಿಸಿದಳು. ಒಲೆಯ ಮುಂದೆ ಓದುವ ಸೊಸೆ ಅಡುಗೆ ಸೀಯಿಸುವ ಸೊಸೆ ಎಂದು ಅಮ್ಮ ಆ ಹಾಳೆಗಳನ್ನೆಲ್ಲ ಕಿತ್ತುಕೊಂಡು ಡಬ್ಬಗಳ ಕೆಳಗೆ ಹಾಸಿಬಿಟ್ಟಳು. ಅತ್ತಿಗೆ ಡಬ್ಬ ಎತ್ತಿದಾಗಲೆಲ್ಲ ಕೆಳಗಿನ ನಾಲ್ಕು ಸಾಲು ಓದಿಕೊಂಡಳು. ಬೇಳೆಯ ಡಬ್ಬದ ಕೆಳಗೆ ಯಾರೋ ಹಡಗು ಹತ್ತುತ್ತಿದ್ದರು, ಅಕ್ಕಿಯ ಡಬ್ಬದ ಕೆಳಗೆ ಯಾರದೋ ಮದುವೆ ಮುರಿಯುತ್ತಿತ್ತು. ಮನೆಯಲ್ಲಿ ಬೇಳೆ ಬೇಗ ಮುಗಿಯುತ್ತಿದ್ದುದು ಯಾಕೆಂದು ಯಾರಿಗೂ ತಿಳಿಯಲಿಲ್ಲ.

ಇನ್ನು ಸುಮ್ಮನಿರಲಾರದೆ ನಾದಿನಿ ಜರಡಿ ಹಿಡಿದೇ ಕೋಣೆಗೆ ಹೋದಳು. ಬಟ್ಟೆಯ ಮೇಲೆಲ್ಲ ಹಿಟ್ಟು ಉದುರುತ್ತಿತ್ತು.

"ಇದೇ ನಾನು ಅಲ್ವಾ ಅತ್ತಿಗೆ?"

ಅತ್ತಿಗೆ ಸುಳ್ಳು ಹೇಳಲಿಲ್ಲ. "ಹೌದು" ಎಂದಳು. "ಮೊದಲ ವರ್ಷ."

ನಾದಿನಿಯ ಮುಖ ಸಣ್ಣದಾಯಿತು. ಅತ್ತಿಗೆ ಎಡಗೈಯಿಂದ ಅವಳ ತೋಳಿನ ಹಿಟ್ಟು ಒರೆಸುತ್ತ, ಮೊದಲ ವರ್ಷ ಎಂದೆನಲ್ಲ, ಆಮೇಲೆ ಜರಡಿ ಬರೀ ಜರಡಿ, ಹೋಗು ಒಲೆ ಮೇಲೆ ಏನೋ ಕುದೀತಿದೆ ಎಂದು ಕಳಿಸಿದಳು.

ಆಮೇಲೆ ಏನು? ನಾದಿನಿ ಕೇಳಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ. ಜರಡಿಯಿಂದ ತೆಗೆದವರನ್ನು ಇನ್ನೆಲ್ಲಿಗೆ ಹಾಕಿದ್ದಾಳೋ. ತೆಗೆದು ಹೊರಗೇ ಬಿಟ್ಟಿದ್ದಾಳೋ. ಅಷ್ಟು ದಿನ ಬಾಯಿ ತುಂಬ ಮಾತಾಡಿಕೊಂಡು ಬೇಯಿಸುತ್ತಿದ್ದವಳು ಸದ್ದಿಲ್ಲದೆ ಬೇಯಿಸತೊಡಗಿದಳು. ಮನೆಯಲ್ಲಿ ಕೇಳುತ್ತಿದ್ದುದು ಕುಕ್ಕರಿನ ಕೂಗು, ಇಕ್ಕಳದ ಕೀಚಲು, ನಡುವಣ್ಣ ಪಾತ್ರೆ ಬೀಳಿಸುವ ಸದ್ದು.

ಪ್ಲಾಸ್ಟರ್ ಬಿಚ್ಚಿದ ದಿನ ಅತ್ತಿಗೆ ಆಸ್ಪತ್ರೆಯಿಂದ ನೇರ ಅಡುಗೆಮನೆಗೆ ಬಂದಳು. ಕೈ ಬಿಳಿಚಿ, ತೆಳ್ಳಗಾಗಿ, ಬೇರೆ ಯಾರದೋ ಕೈಯ ಹಾಗೆ ಕಾಣುತ್ತಿತ್ತು. ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿಕೊಳ್ಳುತ್ತಿದ್ದಳು. ನಾದಿನಿ ಹಲಗೆಯ ಮೇಲೆ ನಿಂತು, ಇಕ್ಕಳ ಕೀಚೆನ್ನಿಸಿ, ಕುದಿಯುವ ಬೇಳೆಯ ಪಾತ್ರೆಯನ್ನು ಎತ್ತಿದಳು. ನಾಳೆ ಹೊರಡಬೇಕು. ಹಾಗೇ ಹೊರಟುಬಿಡುವುದು ಅವಳ ಕೈಲಾಗಲಿಲ್ಲ. ಪಾತ್ರೆ ಗಾಳಿಯಲ್ಲೇ ಇರುವಾಗ ತಿರುಗಿ ನಿಂತಳು.

"ಜರಡಿ ಆದಮೇಲೆ ನನ್ನ ಹೆಸರು ತೆಗೆದೇ ಹಾಕಿದ್ರಾ ಅತ್ತಿಗೆ? ಹೇಳಿಬಿಡಿ, ನನಗೇನೂ ಬೇಜಾರಿಲ್ಲ."

"ಮೊದಲು ಅದನ್ನ ಕೆಳಗಿಡು, ಮೈಮೇಲೆ ಹಾಕ್ಕೊಂಡೀಯ" ಎಂದಳು ಅತ್ತಿಗೆ. "ಇಟ್ಟಾಯ್ತಾ? ಈಗ ಕೈಯಲ್ಲಿ ಏನಿದೆ ನೋಡ್ಕೋ."

ನಾದಿನಿ ನೋಡಿಕೊಂಡಳು. ಕೈಯಲ್ಲಿ ಇಕ್ಕಳವಿತ್ತು.

ಅತ್ತಿಗೆ ಕೈ ಚಾಚಿ ಅದನ್ನು ತೆಗೆದುಕೊಂಡಳು. ಭಾರ ಎತ್ತಬಾರದ ಬೆರಳುಗಳು ದಾರದ ಸುತ್ತುಗಳ ಮೇಲೆ ಮೆಲ್ಲಗೆ ಆಡಿದವು. ನಿಮ್ಮಮ್ಮನ ತವರಿನ ಹಿತ್ತಾಳೆ ಪಾತ್ರೆ ನೆನಪಿದೆಯಾ ಎಂದು ಕೇಳಿದಳು.

ನೆನಪಿರದೆ ಏನು. ಆ ಬೆಳಿಗ್ಗೆ ಅತ್ತಿಗೆ ಡಬ್ಬ ಎತ್ತಿ, ಕೆಳಗಿನ ಸಾಲುಗಳಲ್ಲಿ ಮುಳುಗಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದ್ದಳು. ಪಾತ್ರೆ ಒಲೆಯ ಮೇಲೆಯೇ ಉಳಿದು, ನೀರಿಂಗಿ, ತಳ ಕಪ್ಪಾಗಿ ಬಿರುಕು ಬಿಟ್ಟಿತು. ಯಾರು ಇಟ್ಟದ್ದು ಎಂದು ಅಮ್ಮ ಮನೆ ನಡುಗುವಂತೆ ಕೂಗಿದಾಗ ಬಾಗಿಲ ಹಿಂದಿನ ಹುಡುಗಿ, ಎಲ್ಲ ಕಂಡವಳು, ಈಚೆ ಬಂದು, ನಾನೇ ಎಂದಳು. ಯಾಕೆ ಹಾಗಂದಳು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಬಿದ್ದ ಏಟು ಮಾತ್ರ ಗೊತ್ತು. ಆ ವಾರ ಪೂರ್ತಿ ಕೇಳಿದ ಬೈಗುಳವೂ ಗೊತ್ತು. ಅತ್ತಿಗೆ ಸಂಜೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳಿಗೆ ತಿಳಿಯಲೇ ಇಲ್ಲ ಎಂದು ನಾದಿನಿ ಈ ತನಕ ನಂಬಿದ್ದಳು.

"ನಿಮ್ಮಮ್ಮನೇ ಹೇಳಿದ್ರು, ನಿನ್ನ ನಾದಿನಿ ಎಂಥಾ ಕೆಲಸ ಮಾಡಿದಾಳೆ ನೋಡು ಅಂತ. ಒಲೆ ಮೇಲೆ ಮರೆತು ಹೋದೋಳು ನಾನು, ನನಗೆ ಗೊತ್ತಿರಲ್ವಾ? ಅವತ್ತು ನನಗೆ ಮಾತಾಡೋ ಧೈರ್ಯ ಬರಲಿಲ್ಲ. ಮಾರನೆ ದಿನ ಪ್ರೆಸ್ಸಿಂದ ದಾರ ತಂದು ಇದಕ್ಕೆ ಸುತ್ತಿದೆ." ಅತ್ತಿಗೆ ಇಕ್ಕಳವನ್ನು ತೆರೆದು ಮುಚ್ಚಿದಳು. ಅದು ಕೀಚೆಂದಿತು. "ಬಿಸೀನ ತಾನು ಹಿಡಿದು, ನನ್ನ ಕೈ ಉಳಿಸುತ್ತೆ. ದಾರ ಸವೆದಾಗೆಲ್ಲ ಹೊಸದು ಸುತ್ತೀನಿ. ಬೇರೆ ಯಾವ ಸಾಮಾನಿಗೂ ದಾರ ಸುತ್ತಿಲ್ಲ, ನೋಡಿದ್ಯಾ?"

ನಾದಿನಿ ನೋಡಿದ್ದಳು. ಮೊದಲ ದಿನವೇ ನೋಡಿದ್ದಳು. ಈರುಳ್ಳಿಯ ನೆಪ ಹೇಳೋಣವೆಂದರೆ ಈರುಳ್ಳಿ ಹೆಚ್ಚುತ್ತಿದ್ದುದು ನಡುವಣ್ಣ, ಅಲ್ಲಿ ಮೂಲೆಯಲ್ಲಿ. ಅವನೂ ಕಣ್ಣು ಒರೆಸಿಕೊಳ್ಳುತ್ತಿದ್ದ. ಅವನಿಗಾದರೆ ನೆಪ ಇತ್ತು. ಅವಳು ಮುಖ ತಿರುಗಿಸಿ ಕಟ್ಟೆಯ ಮೇಲಿದ್ದ ಎಣ್ಣೆಯ ಬಾಟಲಿಗೆ ಕೈ ಹಾಕಿದಳು.

"ಕೊಡಿ ಇಲ್ಲಿ. ಅಷ್ಟು ವರ್ಷದಿಂದ ಅರಚ್ಕೊಳ್ತಿದೆ, ಒಂದು ತೊಟ್ಟು ಎಣ್ಣೆ ಬಿಡ್ತೀನಿ."

"ಬೇಡ" ಎಂದಳು ಅತ್ತಿಗೆ, ಇಕ್ಕಳವನ್ನು ಸೆರಗಿನ ಕಡೆಗೆ ಎಳೆದುಕೊಂಡು. "ಸದ್ದು ನಿಂತುಹೋದ್ರೆ ರೇಡಿಯೋ ಅಂತ ಹೇಗೆ ಗೊತ್ತಾಗ್ಬೇಕು?"